ಚಹಾ ಬಿಟ್ಟಾಕಿ

ಸಪ್ತಾಪುರದ ತಿರುವಿನ್ಯಾಗ,
ನದಾಫನ ಚಹಾದಂಗಡಿ ಮುಂದ,
ನಾ ಅಂದದ್ದು ಇಷ್ಟ:
"ನನಗ ಬ್ಯಾಡ್ರಿ. ಚಹಾ ಬಿಟ್ಟೇನಿ."

ಸ್ಟೋವಿನ ಸಪ್ಪಳ ಸೈತ
ಒಂದ್ ಗಳಿಗಿ ನಿಂತಂಗಾತು.

ಮೊದಲ ಬಾಯಿ ತಗದಾಕಿ ಶಾರವ್ವ ಹಡಪದ,
ನಮ್ಮ ಆಫೀಸಿನ ಕೀಲಿಕೈ ಸೊಂಟಕ್ಕ ಸಿಗಿಸ್ಕೊಂಡಾಕಿ:
"ಯಾವ ದೇವ್ರಿಗೆ ಬಿಟ್ಟಿ?
ಕಾಶಿಗೆ ಹೋದವ್ರು ಬದನಿಕಾಯಿ ಬಿಡ್ತಾರ,
ಸಿಟ್ಟು ಬಿಟ್ಟೇವಿ ಅಂತ ಸುಳ್ಳ ಹೇಳ್ತಾರ.
ಚಹಾ ಬಿಟ್ಟವ್ರನ್ನ ನಾ ಕಂಡಿಲ್ಲವಾ."

"ಸಕ್ಕರಿ ಬ್ಯಾನಿ," ಅಂದ್ರು ಗುಂಡೂರಾವ್ ಕಟ್ಟಿಯವರು,
ನನ್ನ ಮಾರಿ ರಕ್ತದ ವರದಿ ಅನ್ನೂಹಂಗ ಓದಿ.
ಬ್ಯಾನಿ ಇಲ್ಲರಿ.
"ಹಂಗಿದ್ರ ಮನಿಯವರ ಕೂಡ ಜಗಳಾ ಆಗೇದ."
ಮನಿಯವರೂ ಇಲ್ಲರಿ, ನಿಮಗ ಗೊತ್ತಲ್ಲ.
ಮದುವಿ ಬ್ಯಾಡಂದದ್ದು ಹದಿನೈದು ವರ್ಷದಾಗ
ಹೆಂಗೋ ನುಂಗ್ಯಾರ ಎಲ್ಲಾರೂ.
ಈ ಅರ್ಧ ಕಪ್ಪು ಮಾತ್ರ
ಗಂಟಲದಾಗ ಸಿಕ್ಕೊಂಡಿತ್ತು.

ಫೈಲಿನ ಸಲುವಾಗಿ ಚಿಗರಿ ಬಸ್ ಹತ್ತಿ ಬಂದಿದ್ದ
ಹುಬ್ಬಳ್ಳಿಯ ವಿರೂಪಾಕ್ಷಿ ಅಂಗಡಿ ನಕ್ಕ:
"ಇದು ಪಕ್ಕಾ ಧಾರವಾಡದ ಬುದ್ಧಿ ನೋಡ್ರಿ!
ಮಂದಿಗೆ ಕುಡಸೋದು ತಪ್ಪಲಿ ಅಂತ ತಾವ ಬಿಟ್ಟುಬಿಡೋದು.
ಬಾಗಲದಾಗ ನಿಂದರಿಸಿ ಕೇಳ್ತೀರಿ,
'ಚಹಾ ಕುಡದ ಬಂದಿರಬೇಕಲ್ಲ?'"

ಕಟ್ಟಿಯವರ ಚಷ್ಮಾ ಮೂಗಿಂದ ಜಾರಿತು.
"ನಿಮ್ಮಲ್ಲೇನದನೋ? ಅರ್ಧ ಕಪ್ಪು ಕುಡಿಸಿ
ಪೂರಾ ಹೊಲಾ ಬರಸ್ಕೋತೀರಿ."
"ನಾವು ರೊಕ್ಕಾ ಎಣಸ್ತೀವಿ, ಖರೆ. ನೀವು ಕುಂತು ಪ್ರಾಸ ಎಣಸ್ತೀರಿ.
ಕಲ್ಲು ಒಗದ್ರ ಕವಿ ಮನಿ ಮ್ಯಾಲ ಬೀಳ್ತಿತ್ತಂತ ಆವಾಗ.
ಈಗ ಒಗೀರಿ!
ಕೋಚಿಂಗ್ ಕ್ಲಾಸಿನ ಫ್ಲೆಕ್ಸ್ ಹರೀತೈತಿ."

ಆ ಫ್ಲೆಕ್ಸಿನ ಬುಡಕ್ಕ
ಸಾಮಾನ್ಯ ಜ್ಞಾನದ ದಪ್ಪ ಪುಸ್ತಕ ಅಪ್ಪಿಕೊಂಡು
ಹುಡುಗಿ ಒಬ್ಬಾಕಿ ನಿಂತಿದ್ಲು. ಬ್ಯಾಡಗಿಯಾಕಿ,
ಸೃಷ್ಟಿ ಮೆಣಸಿನಕಾಯಿ.
"ಮೇಡಂ, ಗ್ರೀನ್ ಟೀ ಕುಡೀರಿ. ಹೊಟ್ಟಿ ಹಗುರ ಇರತೈತಿ."
ಶಾರವ್ವ ತಡಮಾಡಲಿಲ್ಲ:
"ಹುಲ್ಲಿನ ನೀರೇನ?
ಎಮ್ಮಿ ಹುಲ್ಲು ತಿಂದು ಹಾಲರ ಕೊಡತೈತಿ.
ನೀವೇನ ಕೊಡ್ತೀರಿ, ಫೋಟೋ?"

ಹುಡುಗಿ ನಕ್ಕು, ಮಿರ್ಚಿ ಪ್ಲೇಟು
ಮೆಲ್ಲಕ ಆಚೆ ಸರಿಸಿ ಅಂದ್ಲು:
"ನಾ ಖಾರಾನೂ ತಿನ್ನಂಗಿಲ್ಲರಿ."

ಅಬ್ಬಾ, ಆ ಮೌನ!
ಊರು ಬ್ಯಾಡಗಿ, ಅಡ್ಡಹೆಸರು ಮೆಣಸಿನಕಾಯಿ,
ಬಾಯಿಗೆ ಹಾಲು ಸಕ್ಕರಿ.
ನನ್ನ ಚಹಾ ಅಲ್ಲೇ ಹಳೇ ಸುದ್ದಿ ಆತು.
"ತವರು ಒಪ್ಪಿತೇನವಾ?" ಅಂತ ಶಾರವ್ವ.
"ರೇಷನ್ ಕಾರ್ಡಿನ್ಯಾಗ ಹೆಸರೈತೋ ಇಲ್ಲೋ?" ಅಂತ ಅಂಗಡಿ.
ಕಟ್ಟಿಯವರು ಮಾತ್ರ ಗಪ್ಪಗಾರ್.
ಆಮ್ಯಾಲ ಬಗ್ಗಿ, ನನ್ನ ಕಿವಿಗಷ್ಟ ಬೀಳೂಹಂಗ,
"ಕವಿಗೋಷ್ಠಿ ಶುರು ಆತಂದ್ರ
ನನಗ ನಿದ್ದಿ ಬರ್ತದ. ಯಾರ ಮುಂದೂ ಅನಬ್ಯಾಡ."

ಯಾಕ ಬಿಟ್ಟೆ ಅಂತ ಕೇಳಿದವ್ರೆಲ್ಲಾ
ಉತ್ತರಾನೂ ಮನಿಯಿಂದ ಕಟ್ಟಿಕೊಂಡ ಬಂದಿದ್ರು.
ನನ್ನ ಉತ್ತರ ಭಾಳ ಸಣ್ಣದು: ಸುಮ್ನ.
ಒಂದು ಮುಂಜಾನಿ ಪಾತೇಲಿ ಇಡೋದು ಮರತೆ,
ಸಂಜಿತನಕ ನೆನಪಾಗಲಿಲ್ಲ.
ಇಷ್ಟು ಸಣ್ಣ ಕಾರಣಾ ಅಲ್ಲಿ ಹೇಳಿದ್ರ
ಯಾರಿಗೂ ಸಾಲತಿರಲಿಲ್ಲ.

ನದಾಫ ಅಷ್ಟೊತ್ತು ಮಾತಾಡಿದ್ದಿಲ್ಲ.
ಗ್ಲಾಸಿನ್ಯಾಗ ಬಿಸಿನೀರು ಹಾಕಿ ಮುಂದ ಚಾಚಿದ:
"ಹಿಡೀರಿ ಅಕ್ಕಾರ. ಇದಕ್ಕ ರೊಕ್ಕಾ ಇಲ್ಲ.
ಬರಿಗೈಲೆ ನಿಂತು ವಾದಾ ಮಾಡಬಾರದ್ರಿ."

ರೊಕ್ಕಾ ಅನ್ನೋ ಶಬ್ದ ಬಿದ್ದದ್ದ ತಡಾ,
ಅಂಗಡಿಗೆ ಬಸ್ಸಿನ ಹೊತ್ತಾತು,
ಕಟ್ಟಿಯವರ ಫೋನಿನ ಚಾರ್ಜು ಮುಗೀತು.
ಎರಡೂ ಊರು ಮೊದಲ ಸಲ
ಒಂದ ಮಾತಿಗೆ ಒಪ್ಪಿದ್ವು.

ನಾಕು ಚಹಾ, ಒಂದು ಮಿರ್ಚಿ ಪ್ಲೇಟು:
ಚಹಾ ಬಿಟ್ಟಾಕಿ ಕೊಟ್ಟೆ.

ಗ್ಲಾಸಿನ ಬಿಸಿ ಅಂಗೈಯಾಗ ಇನ್ನೂ ಇತ್ತು.
ಕೀಲಿಕೈ ಝಣಝಣ ಅನಿಸ್ಕೋತ ಹೊಂಟ ಶಾರವ್ವ
ತಿರುಗಿ ಅಂದ್ಲು:
"ನಾಳೆ ಇಷ್ಟೊತ್ತಿಗೇ ಬಾರವಾ.
ಮದುವಿ ಮಾತು ಇನ್ನೂ ಬಾಕಿ ಐತಿ."